‘ಗೊತ್ತಿಲ್ಲ’ ಎನ್ನಲಾಗದ ಸಾಹೇಬರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ ಐವತ್ತಾರು ವರ್ಷ, ದೇಶದ ಭದ್ರತಾ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆ. ಮೂರು ತಿಂಗಳಿಂದ ನಿದ್ದೆಯಿಲ್ಲ, ಮನೆಯಲ್ಲಿ ಮಾತುಮಾತಿಗೂ ಸಿಡುಕು. ಹೆಂಡತಿಯೇ ಹಟ ಹಿಡಿದು ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದಿದ್ದರು. ಕೂರುವ ಮೊದಲೇ, “ಆಫೀಸಿನ ವಿಷಯ ಹೇಳೋ ಹಾಗಿಲ್ಲ ಮೇಡಂ” ಎಂದರು. “ಅದು ಬೇಡ ಸಾರ್, ನಿಮ್ಮ ವಿಷಯ ಹೇಳಿ” ಎಂದೆ.

ಮೂರನೇ ಭೇಟಿಯಲ್ಲಿ ಬಾಯಿಬಿಟ್ಟರು. ಕಿರಿಯ ಸಿಬ್ಬಂದಿಯೊಬ್ಬ ಅವಸರದಲ್ಲಿ, ಇಂಟರ್ನೆಟ್ ಇದ್ದ ಕಂಪ್ಯೂಟರಿನ ಪೆನ್‌ಡ್ರೈವನ್ನು ಹೊರಗಿನ ಸಂಪರ್ಕವೇ ಇಲ್ಲದ ಕಂಪ್ಯೂಟರಿಗೆ ಹಾಕಿದ್ದ. ಹೆದರಿ ಎರಡು ದಿನ ಮುಚ್ಚಿಟ್ಟಿದ್ದ. ಹಾನಿಯೇನೂ ಆಗಲಿಲ್ಲ. ಆದರೆ 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಹಾನಿಕಾರಕ ತಂತ್ರಾಂಶ ಇಂಥ ಸಂಪರ್ಕವಿಲ್ಲದ ಕಂಪ್ಯೂಟರುಗಳಿಗೆ ಹರಡಿದ್ದೂ ಪೆನ್‌ಡ್ರೈವ್ ಮೂಲಕವೇ ಎಂಬುದು ಇವರಿಗೆ ಗೊತ್ತು. ಅಂದಿನಿಂದ ನಿದ್ದೆ ಹಾರಿಹೋಯಿತು.

“ಅವನಿಗೆ ಏನಂದ್ರಿ?”

“ಎಲ್ಲರೆದುರೇ ಕೂಗಾಡಿದೆ.”

ಕನ್ನಡಕದ ಡಬ್ಬಿಯನ್ನು ತೆಗೆಯುತ್ತ, ಮುಚ್ಚುತ್ತ ಬಹಳ ಹೊತ್ತು ಕೂತರು. ಆಮೇಲೆ ಮೆಲ್ಲಗೆ, “ನಿಜ ಹೇಳ್ಬೇಕಂದ್ರೆ, ಲಾಗ್, ಅಂದ್ರೆ ಕಂಪ್ಯೂಟರಿನಲ್ಲಿ ಏನೇನಾಯ್ತು ಅನ್ನೋ ದಾಖಲೆ, ತಂದಿಟ್ರೆ ಅದರಲ್ಲಿ ಏನು ನೋಡಬೇಕು ಅಂತ್ಲೇ ನನಗೆ ತಿಳಿಯಲ್ಲ. ಸಹಿ ಹಾಕ್ತೀನಿ, ಅಷ್ಟೆ. ಹುಡುಗರನ್ನ ಕೇಳಿದ್ರೆ ಮರ್ಯಾದೆ ಏನಾಗತ್ತೆ?”

ಆ ಹುಡುಗ ತಪ್ಪು ಮುಚ್ಚಿಟ್ಟ, ಇವರು ಅಜ್ಞಾನ ಮುಚ್ಚಿಟ್ಟರು. ಇಬ್ಬರದೂ ಒಂದೇ ಭಯ. ಮೊದಲು ಅವರ ನಾಚಿಕೆ ಇಳಿಯಬೇಕಿತ್ತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಸುಮಾರು 17 ಕೋಟಿ ಡಾಲರ್ ಸುರಿದ ಕಡತ ನಿರ್ವಹಣೆಯ ತಂತ್ರಾಂಶವನ್ನು 2005ರಲ್ಲಿ ಕೈಬಿಟ್ಟದ್ದನ್ನು ಹೇಳಿದೆ. ಅಂಥವರೂ ಎಡವಿದ್ದಾರೆ ಸಾರ್, ನೀವೊಬ್ಬರೇ ಅಲ್ಲ.

ವಾರಕ್ಕೆ ಅರ್ಧ ಗಂಟೆ, ತಾಂತ್ರಿಕ ವಿಭಾಗದ ಕಿರಿಯರೊಬ್ಬರ ಪಕ್ಕ ನೋಟ್‌ಬುಕ್ ಹಿಡಿದು ಕೂರಿ, “ನನಗೆ ಗೊತ್ತಿಲ್ಲ, ಹೇಳಿಕೊಡಿ” ಎನ್ನಿ ಎಂದು ಸಲಹೆ ಕೊಟ್ಟೆ. ಯಾರಾದರೂ ತಪ್ಪು ಒಪ್ಪಿಕೊಂಡು ಬಂದರೆ ನಿಮ್ಮ ಮೊದಲ ಮಾತು “ಬೇಗ ಹೇಳಿದ್ದು ಒಳ್ಳೆಯದಾಯ್ತು” ಎಂದಿರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಸರ್ಕಾರಿ ಸಂಸ್ಥೆಗಳಿಗೂ ಸೂಚಿಸಿದೆ. ಹೆದರಿದ ಹುಡುಗನ ಎರಡು ದಿನ ಅಂದರೆ 48 ಗಂಟೆ! ರಾತ್ರಿ ಯಾವ ವಿಷಯಕ್ಕೆ ತಮ್ಮನ್ನು ಎಬ್ಬಿಸಬೇಕೆಂದು ಸಿಬ್ಬಂದಿಗೆ ಮೊದಲೇ ಬರೆದುಕೊಟ್ಟು, ಫೋನನ್ನು ದಿಂಬಿನ ಕೆಳಗಿಂದ ಹಾಲ್‌ಗೆ ಸಾಗಿಸಲೂ ಹೇಳಿದೆ.

ಎರಡು ತಿಂಗಳಾಯಿತು. ಈಗ ಐದು ಗಂಟೆ ನಿದ್ದೆ ಬರುತ್ತಿದೆ. ಗುರುವಾರದ ಪಾಠ ತಪ್ಪಿಸಿಲ್ಲ. ಆ ಹುಡುಗನ ಬಳಿ ಕ್ಷಮೆ ಕೇಳುವುದು ಮಾತ್ರ ಇನ್ನೂ ಆಗಿಲ್ಲ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.