ಮುಸ್ಸಂಜೆಯ ಕಂದು ಪಾತರಗಿತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದೀಪ ಹಚ್ಚುತ್ತಲೇ ಕಂದು ಪಾತರಗಿತ್ತಿ ಮನೆಯೊಳಗೆ ಬಂದು ಗೋಡೆಗೆ ಕೂರುತ್ತದೆ. ಮಳೆಗಾಲದಲ್ಲಿ ಬಂದವಕ್ಕೆ ಕಣ್ಣಿನಂಥ ಚುಕ್ಕಿಗಳಿದ್ದವು, ಸಂಕ್ರಾಂತಿ ಹೊತ್ತಿಗೆ ಬಂದವಕ್ಕೆ ಇಲ್ಲ. ಬೇರೆ ಜಾತಿಯೇ? ಪತಂಗವೇ?
– ಗಂಗಾವತಿಯ ಓದುಗರು

ಉತ್ತರ: ಎರಡೂ ಒಂದೇ, ವೈಜ್ಞಾನಿಕ ಹೆಸರು ಮೆಲಾನಿಟಿಸ್ ಲೀಡಾ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟ ಜಾತಿ. ಮೀಸೆಯ ತುದಿ ತುಸು ದಪ್ಪಗಿರುವುದರಿಂದ ಇದು ಪತಂಗವಲ್ಲ. ನಡೆಯುವುದು ನಾಲ್ಕೇ ಕಾಲಿನಲ್ಲಿ. ಮುಂದಿನ ಜೋಡಿ ಚಿಕ್ಕದಾಗಿ ಎದೆಗೆ ಮಡಚಿರುತ್ತದೆ.

ಮಳೆಗಾಲದಲ್ಲಿ ರೆಕ್ಕೆಯ ಅಡಿಭಾಗದ ಅಂಚಿಗೆ ಹಳದಿ ಉಂಗುರದ ಚುಕ್ಕಿಗಳ ಸಾಲು ಇರುತ್ತದೆ. ಹಕ್ಕಿ, ಓತಿಕ್ಯಾತಗಳು ಚುಕ್ಕಿಗೇ ಕುಕ್ಕಿದರೆ ರೆಕ್ಕೆಯ ಅಂಚು ಹರಿದರೂ ಜೀವ ಉಳಿಯುತ್ತದೆ. ಒಣಹವೆಯಲ್ಲಿ ತರಗೆಲೆಯ ನಡುವೆ ಅಲುಗದೆ ಕೂರಬೇಕು. ಅಲ್ಲಿ ಚುಕ್ಕಿಯೇ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಆ ಪೀಳಿಗೆಗೆ ಚುಕ್ಕಿ ಅಳಿದು, ಮುಂರೆಕ್ಕೆಯ ತುದಿ ಹೆಚ್ಚು ಕೊಕ್ಕೆಯಾಗುತ್ತದೆ. ಬಣ್ಣವಂತೂ ಮರಳಿನಿಂದ ಕಡುಗಂದಿನವರೆಗೆ ಒಂದರಂತೆ ಒಂದಿಲ್ಲ. ಚುಕ್ಕಿ ಇರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಹುಳು ಬೆಳೆಯುವಾಗಿನ ಹವೆ, ಮುಖ್ಯವಾಗಿ ತಾಪಮಾನ. ರೆಕ್ಕೆ ಬಂದ ಮೇಲೆ ಬದಲಾಗದು.

ಪ್ರಶ್ನೆ: ನೆಲ್ಲಿನ ಗರಿಯಲ್ಲಿ ತಲೆಗೆ ಎರಡು ಕೊಂಬಿರುವ ಹಸಿರು ಹುಳು ಸಿಕ್ಕಿದೆ. ಔಷಧಿ ಹೊಡೆಯಬೇಕೇ?
– ಸಿಂಧನೂರಿನ ರೈತರು

ಉತ್ತರ: ಬೇಡ. ಇದು ಮೇಲಿನ ಪಾತರಗಿತ್ತಿಯದೇ ಮರಿಹುಳು. ಬಾಲದಲ್ಲೂ ಎರಡು ಚೂಪು ಇರುತ್ತವೆ. ಗರಿಯನ್ನು ಅಂಚಿನಿಂದ ಒಳಕ್ಕೆ ಮೇಯುತ್ತದೆ, ಇಳುವರಿಗೆ ಪೆಟ್ಟು ಬೀಳುವಷ್ಟು ಸಂಖ್ಯೆ ಸಾಮಾನ್ಯವಾಗಿ ಆಗದು. ಕೈಯಿಂದ ಆರಿಸಿದರೆ ಸಾಕು. ಗರಿ ಸುರುಳಿಯಾಗಿ, ಒಳಗೆ ಕೆರೆದು ಬಿಳಿ ಗೆರೆ ಬಿದ್ದಿದ್ದರೆ ಅದು ಎಲೆ ಸುರುಳಿ ಹುಳು, ಅದರ ಲೆಕ್ಕ ಬೇರೆ. ಕಂಡದ್ದಕ್ಕೆಲ್ಲ ಹೊಡೆದರೆ ಮೊಟ್ಟೆಯೊಳಗೇ ಹುಳುವನ್ನು ಮುಗಿಸುವ ಟ್ರೈಕೋಗ್ರಾಮ ಕಣಜ, ಜೇಡ ಎಲ್ಲ ಸಾಯುತ್ತವೆ. ಆಮೇಲೆ ನೆಲ್ಲಿನ ರಸ ಹೀರುವ ಕಂದು ಜಿಗಿಹುಳು ಏರಿದಾಗ ತಡೆಯುವವರೇ ಇರುವುದಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಈ ಮರಿಹುಳುವನ್ನು ಸಾಕಬಹುದೇ?
– ಸಿರುಗುಪ್ಪದ ಶಿಕ್ಷಕರು

ಉತ್ತರ: ಧಾರಾಳವಾಗಿ. ಒಂದಡಿ ಎತ್ತರದ ಡಬ್ಬಿ, ಬಾಯಿಗೆ ತೆಳು ಬಟ್ಟೆ. ದಿನಾ ಹೊಸ ನೆಲ್ಲಿನ ಗರಿ ಅಥವಾ ಎಳೆ ಜೋಳದೆಲೆ ಹಾಕಿ, ಹಿಕ್ಕೆ ತೆಗೆಯಿರಿ. ಎಲೆ ಒದ್ದೆಯಿದ್ದರೆ ಬೂಷ್ಟು ಹಿಡಿದು ಹುಳು ಸಾಯುತ್ತದೆ. ಕೋಶ ತಲೆಕೆಳಗಾಗಿ ತೂಗುತ್ತದೆ. ಹೊರಬಂದ ಪಾತರಗಿತ್ತಿ ರೆಕ್ಕೆ ಇಳಿಬಿಡಲು ಕೆಳಗೆ ಜಾಗವಿಲ್ಲದಿದ್ದರೆ ಅವು ಮುದುಡಿಯೇ ಒಣಗುತ್ತವೆ. ಹುಳುವಿನ ಹಂತ ಸುಮಾರು ಮೂರು ವಾರ, ಕೋಶ ಸುಮಾರು 10 ದಿನ. ಚಳಿಯಲ್ಲಿ ಇನ್ನೂ ನಿಧಾನ. ಔಷಧಿ ಹೊಡೆದ ಹೊಲದ ಎಲೆ ಮಾತ್ರ ತರಬೇಡಿ.