ದೆಹಲಿಯ ಡೀಸೆಲ್ ಕ್ರೆಟಾ ಅಗ್ಗಕ್ಕೆ ಸಿಕ್ಕರೆ ಬೆಂಗಳೂರಿಗೆ ತರಬಹುದೇ?

ದೆಹಲಿಯ ಸೆಕೆಂಡ್ ಹ್ಯಾಂಡ್ ಕ್ರೆಟಾ ಕಾರು ಇಲ್ಲಿಗಿಂತ ಅಗ್ಗ, ತರಲಾ ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿದರೆ ಕರ್ನಾಟಕ ನೋಂದಣಿಯದ್ದನ್ನೇ ಹುಡುಕಿ.

ಅಲ್ಲಿ ಡೀಸೆಲ್ ಗಾಡಿಗೆ 10 ವರ್ಷ ದಾಟಿದರೆ ಓಡಿಸಲು ಬಿಡಲ್ಲ ಅನ್ನುವ ಭಯವಿದೆ, ಅದಕ್ಕೇ ಬೆಲೆ ಇಳಿಯುತ್ತೆ. ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಮರುನೋಂದಣಿ, ಮೇಲೆ ಜೀವಾವಧಿ ತೆರಿಗೆ. ಈ ತೆರಿಗೆಯನ್ನು ನೀವು ಕೊಟ್ಟ ದುಡ್ಡಿನ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮತ್ತು ಅದರ ವಯಸ್ಸು ನೋಡಿ ಹಾಕ್ತಾರೆ. ಉಳಿಸಿದ್ದೆಲ್ಲ ಅಲ್ಲೇ ಕರಗುತ್ತೆ.

ಎಲ್ಲಿಯದ್ದೇ ಆಗಲಿ, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಥಳಥಳ ಹೊಳೆಯುತ್ತಿದ್ದ ಒಂದು ಗಾಡಿಯಲ್ಲಿ ಹಾಗೆ ಎಳೆದಾಗ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಒಣಗಿದ ಕೆಸರಿನ ಗೆರೆ ಕಂಡಿತು. ನೀರಲ್ಲಿ ಮುಳುಗಿದ್ದ ಗಾಡಿ! ಅಲ್ಲಿಂದಲೇ ವಾಪಸ್ ಬಂದೆ. ಟೈರಿನ ಮೇಲಿನ 4 ಅಂಕಿಯೂ ಓದಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರ್ ಹಳೆಯದಾಗಿದ್ದರೆ ನಾಲ್ಕರ ಖರ್ಚನ್ನೂ ಚೌಕಾಸಿಯಲ್ಲಿ ಇಳಿಸಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಆ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. 2020ರ ಮಾರ್ಚ್‌ನಲ್ಲಿ ಬಂದ ಎರಡನೇ ತಲೆಮಾರಿನ ಪೆಟ್ರೋಲ್ ಕ್ರೆಟಾ, ಒಬ್ಬರೇ ಓಡಿಸಿದ್ದು, ಸರ್ವಿಸ್ ದಾಖಲೆ ಸಮೇತ ಸಿಕ್ಕರೆ ನಾನಂತೂ ಅದನ್ನೇ ಕೊಳ್ಳುತ್ತೇನೆ.