ಅವರು ಕೇಳಿದ್ದು ನಿಮ್ಮನ್ನೇ

ಪ್ರಶ್ನೆ: ನಾನು ಪುನರ್ವಸತಿ ಕೇಂದ್ರವೊಂದರಲ್ಲಿ ಫಿಸಿಯೋಥೆರಪಿಸ್ಟ್. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋಗಿರುವ ಯುವಕರೊಬ್ಬರು ವ್ಯಾಯಾಮದ ನಡುವೆ ಮೆಲ್ಲಗೆ, 'ಇನ್ನು ಹೆಂಡತಿ ಜೊತೆ ಮೊದಲಿನ ಹಾಗೆ ಇರೋಕಾಗುತ್ತಾ?' ಅಂದರು. ಗಾಬರಿಯಾಗಿ 'ಡಾಕ್ಟರನ್ನ ಕೇಳಿ' ಅಂದುಬಿಟ್ಟೆ. ಅವರು ಮತ್ತೆ ಆ ಮಾತೇ ಎತ್ತಲಿಲ್ಲ. ನಮ್ಮ ಸಿಬ್ಬಂದಿಗೆ ಈ ಬಗ್ಗೆ ತರಬೇತಿ ಕೊಡುವುದು ಹೇಗೆ?

ಉತ್ತರ: ತರಬೇತಿ ಆಮೇಲೆ. ನಾಳೆಯೇ ಅವರ ಹತ್ತಿರ ಹೋಗಿ, ಪಕ್ಕದಲ್ಲಿ ಯಾರೂ ಇಲ್ಲದಾಗ, 'ಅವತ್ತು ನೀವು ಕೇಳಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ, ಈಗ ಮಾತಾಡೋಣವಾ?' ಅನ್ನಿ. ಡಾಕ್ಟರ್ ಬಂದು ಹೋಗೋದು ಐದು ನಿಮಿಷ, ಅದೂ ನಾಲ್ಕು ಜನರೆದುರು. ದಿನಾ ಜೊತೆಗಿರೋದು ನೀವು. ಅದಕ್ಕೇ ನಿಮ್ಮನ್ನು ಕೇಳಿದ್ದು.

ಇದು ಸಣ್ಣ ವಿಷಯವಲ್ಲ. 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಬೆನ್ನುಹುರಿಗೆ ಪೆಟ್ಟಾದ 681 ಜನರನ್ನು 'ಏನು ವಾಪಸ್ ಬಂದರೆ ಬದುಕು ಸುಧಾರಿಸುತ್ತೆ' ಅಂತ ಕೇಳಿತ್ತು. ಕೈ ಚೆನ್ನಾಗಿದ್ದು ಕಾಲಿನ ಸ್ವಾಧೀನ ಹೋದವರಲ್ಲಿ ಹೆಚ್ಚು ಜನ ಮೊದಲ ಸ್ಥಾನ ಕೊಟ್ಟಿದ್ದು ನಡಿಗೆಗಲ್ಲ, ಲೈಂಗಿಕ ಸಾಮರ್ಥ್ಯಕ್ಕೆ.

ತರಬೇತಿಗೆ 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆನನ್ ಕೊಟ್ಟ 'ಪ್ಲಿಸಿಟ್' ಮಾದರಿ ಸಾಕು. ನಾಲ್ಕು ಮೆಟ್ಟಿಲು: ಮಾತಾಡಲು ಅನುಮತಿ, ಸ್ವಲ್ಪ ಮಾಹಿತಿ, ಅವರವರ ತೊಂದರೆಗೆ ತಕ್ಕ ಸಲಹೆ, ಕೊನೆಗೆ ತಜ್ಞರ ಚಿಕಿತ್ಸೆ. ಎಲ್ಲರೂ ನಾಲ್ಕೂ ಹತ್ತಬೇಕಿಲ್ಲ, ಆದರೆ ಮೊದಲನೆಯದು ಆಯಾಗಳಿಂದ ಹಿಡಿದು ಡಾಕ್ಟರ್‌ವರೆಗೆ ಎಲ್ಲರದ್ದೂ. ಇದನ್ನು ಸ್ಲೈಡ್ ತೋರಿಸಿ ಕಲಿಸೋಕಾಗಲ್ಲ. ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ರೋಗಿಯಾಗಿ ಇನ್ನೊಬ್ಬರು ಸಿಬ್ಬಂದಿಯಾಗಿ, ಬಾಯಿಬಿಟ್ಟು ಹೇಳಿಸಿ: 'ಇಂಥ ಪೆಟ್ಟಾದ ಮೇಲೆ ಲೈಂಗಿಕ ಜೀವನದ ಬಗ್ಗೆ ತುಂಬಾ ಜನರಿಗೆ ಪ್ರಶ್ನೆ ಇರುತ್ತೆ, ನಿಮಗೂ ಇದ್ದರೆ ಯಾವಾಗ ಬೇಕಾದರೂ ಕೇಳಿ.' ಮೊದಲ ಸಲ ನಾಲಿಗೆ ತೊದಲುತ್ತೆ, ಹತ್ತನೇ ಸಲಕ್ಕೆ ಸರಾಗವಾಗುತ್ತೆ. ಮದುವೆಯಾಗದವರಿಗೂ, ವಯಸ್ಸಾದವರಿಗೂ, ಹೆಂಗಸರಿಗೂ ಇದೇ ಮಾತು ಹೇಳಬೇಕು. ಹೆಂಗಸರನ್ನಂತೂ ಯಾರೂ ಕೇಳೋದೇ ಇಲ್ಲ, ಅಲ್ವಾ?

ಮಾಹಿತಿಯಲ್ಲಿ ಕೆಲವು ಬಾಯಿಪಾಠ ಆಗಿರಲಿ. ಬೆನ್ನುಹುರಿಗೆ ಪೆಟ್ಟಾದ ಮೇಲೆ ಮುಟ್ಟು ಕೆಲವು ತಿಂಗಳು ನಿಲ್ಲಬಹುದು, ಆಮೇಲೆ ಸಾಮಾನ್ಯವಾಗಿ ಮರಳುತ್ತೆ, ಗರ್ಭಿಣಿಯೂ ಆಗಬಹುದು. ಟಿ-6 (ಬೆನ್ನುಹುರಿಯ ಎದೆಭಾಗದ ಆರನೇ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಲೈಂಗಿಕ ಕ್ರಿಯೆಯ ಹೊತ್ತಿನಲ್ಲಿ ಬಿಪಿ ದಿಢೀರನೆ ಏರಬಹುದು. ತಲೆ ಸಿಡಿದು ಬೆವರಿದರೆ ತಕ್ಷಣ ನಿಲ್ಲಿಸಿ ಎದ್ದು ಕೂರಬೇಕು, ಕಡಿಮೆಯಾಗದಿದ್ದರೆ ತುರ್ತು ಚಿಕಿತ್ಸೆ ಬೇಕು. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಲಿಂಗ ನಿಮಿರಲು ಕೊಡುವ ಸಿಲ್ಡೆನಾಫಿಲ್ ಮಾತ್ರೆ ಮುಟ್ಟಲೇಬಾರದು.

ಒಂದು ತರಗತಿಯನ್ನಾದರೂ ಅಂಗವಿಕಲತೆ ಇರುವವರೊಬ್ಬರಿಂದಲೇ ಮಾಡಿಸಿ. ಅವರು ಹೇಳುವುದು ನಮ್ಮ ಪಾಠಕ್ಕಿಂತ ಜಾಸ್ತಿ ನಾಟುತ್ತೆ.

ಇನ್ನು ಸಿಬ್ಬಂದಿಯ ಭಯ. 'ನಾನಾಗಿ ಮಾತು ತೆಗೆದರೆ ರೋಗಿ ತಪ್ಪು ತಿಳಿದು ಕೈ ಹಾಕಿದರೆ?' ಇದನ್ನು ಸುಮ್ನೆ ತಳ್ಳಿಹಾಕಬೇಡಿ. ಅಂಥ ಹೊತ್ತಿನಲ್ಲಿ 'ಇದು ಬೇಡ' ಅಂತ ಹೇಳುವುದು ಹೇಗೆ, ಯಾರಿಗೆ ತಿಳಿಸಬೇಕು, ರೋಗಿ ಹೇಳಿದ್ದರಲ್ಲಿ ಫೈಲಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು, ಇವನ್ನೆಲ್ಲ ತರಬೇತಿಗೆ ಮೊದಲೇ ಕೇಂದ್ರದವರ ಜೊತೆ ಕೂತು ಬರೆದಿಟ್ಟುಕೊಳ್ಳಿ.